ತಳದಲ್ಲಿ ಉಳಿದ ಗುಟುಕು

ಪ್ರಾಟೆಸ್ಟೆಂಟ್ ಮಿಷನ್ನಿನ ಉಪದೇಶಿ ಸಮಾಧಾನಯ್ಯನ ನಾಲಿಗೆಗೆ ಮಧುಗಿರಿ ಸಂತೆಯೇ ಹೆದರುತ್ತಿತ್ತು. "ರೋಮಿನವರು ರೊಟ್ಟಿ ಬಿಲ್ಲೆಗೆ ಕೈಮುಗೀತಾರೆ! ಕರ್ತನ ಭೋಜನ ಇರೋದು ಆತನ ನೆನಪಿಗೆ. ರೊಟ್ಟಿ ರೊಟ್ಟಿಯೇ ಕಣ್ರಪ್ಪಾ!" ಅಂತ ಕೂಗಿ ಕೂಗಿ ಗಂಟಲು ಕೂರಿಸಿಕೊಂಡವನು. ಅಂಥವನ ಮನೆಗೇ ಒಂದು ಬೆಳಗ್ಗೆ ರೋಮಿನ, ಅಂದರೆ ಕ್ಯಾಥೊಲಿಕ್, ಸ್ವಾಮಿಗಳು ಬಂದುಬಿಡೋದೆ!

ಕರೆಸಿದ್ದು ಹೆಂಡತಿ ಲೂರ್ದಮ್ಮ. ಅವಳ ತಾಯಿ ಜಪಮಾಲಮ್ಮ ಇವತ್ತೋ ನಾಳೆಯೋ ಅನ್ನೋ ಹಾಗೆ ನಡುಮನೆಯಲ್ಲಿ ಮಲಗಿದ್ದಳು. ಸಾಯೋ ಮುಂಚೆ ಸತ್ಪ್ರಸಾದ, ಅದೇ ಆ ರೊಟ್ಟಿ ಬಿಲ್ಲೆ, ಬೇಕು, ಇಷ್ಟೇ ಅವಳ ಆಸೆ. ಅವಳಿಗೆ ಅದು ನೆನಪಲ್ಲ, ಸಾಕ್ಷಾತ್ ಕರ್ತನಾದ ಸ್ವಾಮಿಯ ಮೈ.

"ಮಿಷನ್ನಿನವರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಯ್ತು ಕಣೇ!" ಅಂತ ಕೂಗಾಡಿ, ಮುಂದಿಟ್ಟ ಮುದ್ದೆ ತಟ್ಟೆಯನ್ನು ಮುಟ್ಟದೆ ತಳ್ಳಿ, ಸಮಾಧಾನಯ್ಯ ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತ. ಹೆಸರಿಗಷ್ಟೇ ಸಮಾಧಾನ, ಬಿಡಿ.

ಸ್ವಾಮಿಗಳು ಪ್ರಸಾದ ಕೊಟ್ಟರು. ಮುದುಕಿ ನುಂಗಿದಳು ಅಂತ ನಂಬಿ ಕೊರಟಗೆರೆ ಮೋಟಾರು ಹತ್ತಿದರು. ಅದರ ಧೂಳು ಅಡಗೋ ಮುಂಚೆ ಒಳಗಿಂದ ಕೆಮ್ಮು, ಹಿಂದೆಯೇ ಲೂರ್ದಮ್ಮನ ಚೀರಾಟ.

"ರೀ! ಬನ್ರೀ!"

ಅರ್ಧ ನೆಂದ ಪ್ರಸಾದ ಮುದುಕಿಯ ಬಾಯಿಂದ ಆಚೆ ಬಂದು ಲೂರ್ದಮ್ಮನ ಸೆರಗಿನಲ್ಲಿತ್ತು. "ಸ್ವಾಮೀನ ನೆಲಕ್ಕೆ ಬೀಳಿಸ್ಬೇಡ್ರಪ್ಪಾ," ಅಂತ ಜಪಮಾಲಮ್ಮ ಕಣ್ಣೀರಿಟ್ಟಳು. ರೊಟ್ಟಿ ರೊಟ್ಟಿಯೇ ಅನ್ನೋ ಮಾತು ಸಮಾಧಾನಯ್ಯನ ತುಟಿವರೆಗೂ ಬಂತು. ಆ ಕಣ್ಣು ನೋಡಿ ನುಂಗಿಕೊಂಡ.

"ನೀರಲ್ಲಿ ಕರಗಿಸು," ಅಂದ.

ಮಗುವಿಗೆ ಹಾಲು ಕುಡಿಸೋ ಒಳಲೆಯಲ್ಲಿ ಕರಗಿಸಿ, ಮೂತಿಯನ್ನು ಮುದುಕಿಯ ತುಟಿಗಿಟ್ಟರು. ಒಂದು ಗುಟುಕು. ಎರಡು. ಮೂರು. ಆಮೇಲೆ ಕಟಬಾಯಿಗೆ ಬಂತು, ಲೂರ್ದಮ್ಮ ಒರೆಸಿದಳು. ತಳದಲ್ಲಿ ಇನ್ನೊಂದು ಗುಟುಕು, ಬೆಳ್ಳಗಿನ ಚೂರಿನ ಸಮೇತ.

"ನಂಗಾಗಲ್ಲ. ಲೂರ್ದೂ, ನೀನ್ ಕುಡಿಯವ್ವಾ."

"ನಾನ್ ಹೆಂಗವ್ವಾ ಕುಡೀಲಿ?" ಲೂರ್ದಮ್ಮ ಬಿಕ್ಕಿದಳು. "ನಮ್ಮ ಸ್ವಾಮಿಗಳ ಮುಂದೆ ಮದುವೆ ಆಗ್ದೆ ಇವರ ಹಿಂದೆ ಬಂದವಳು. ಹನ್ನೆರಡು ವರ್ಷದಿಂದ ನಂಗೆ ಪ್ರಸಾದ ಇಲ್ಲ. ಬೆಳಗ್ಗೆ ಉಂಡೂ ಬುಟ್ಟಿದ್ದೀನಿ."

ಸಮಾಧಾನಯ್ಯ ಲೆಕ್ಕ ಹಾಕಿದ. ಹನ್ನೆರಡು ವರ್ಷ! ಸಂತೆಯಲ್ಲಿ ಆ ಪ್ರಸಾದವನ್ನು ಹೀಯಾಳಿಸಿ ಬಂದು ಅವಳ ಕೈಯಡುಗೆ ಉಂಡಿದ್ದ. ಒಂದು ದಿನವೂ ಅವಳು ಬಾಯಿ ಬಿಟ್ಟಿರಲಿಲ್ಲ.

ಅರ್ಧರಾತ್ರಿಯಿಂದ ಬಾಯಿಗೆ ಏನೂ ಹಾಕದವರೇ ಅದನ್ನು ತಗೋಬೇಕು ಅನ್ನೋದು ರೋಮಿನವರ ಕಟ್ಟಳೆ. ಬೇರೆ ಸಭೆಯವನು ಮುಟ್ಟಬಾರದು ಅನ್ನೋದೂ ಕಟ್ಟಳೆಯೇ. ಮುದುಕಿ ಒಳಲೆ ನೋಡಿದಳು, ನೆಲ ನೋಡಿದಳು, ಕೊನೆಗೆ ಅಳಿಯನ ಕಡೆ ತಿರುಗಿದಳು.

"ಅಳಿಯಂದಿರೇ, ನೀವು ಉಂಡ್ರಾ?"

"ಇಲ್ಲ ಅತ್ತೆ. ಸಿಟ್ಟಲ್ಲಿ ತಟ್ಟೆ ತಳ್ಬುಟ್ಟೆ."

"ಸದ್ಯ!" ಅಂದಳು ಮುದುಕಿ.

ಅವನು ಒಳಲೆ ತಗೊಂಡ. ಬರೀ ರೊಟ್ಟಿ ನೀರು ತಾನೇ ಅಂದುಕೊಂಡ. ಆದರೂ ಕಣ್ಣು ಮುಚ್ಚಿ ಕುಡಿದ. ತಳವನ್ನು ಬೆರಳಲ್ಲಿ ಸವರಿ ನೆಕ್ಕಿದ.

"ಏನೂ ಉಳೀಲಿಲ್ವಾ?"

"ಇಲ್ಲ ಅತ್ತೆ. ಒಂದು ಚೂರೂ ಇಲ್ಲ."

ಜಪಮಾಲಮ್ಮ ನೆಮ್ಮದಿಯಾಗಿ ನಿದ್ದೆಗೆ ಜಾರಿದಳು. ಲೂರ್ದಮ್ಮ ಕಣ್ಣೊರೆಸಿಕೊಂಡು ತಣ್ಣಗಾದ ಮುದ್ದೆಯನ್ನು ಗಂಡನ ಮುಂದೆ ತಂದಿಟ್ಟಳು.

"ಈಗಲಾದ್ರೂ ಉಣ್ಣಿ."

ಸಮಾಧಾನಯ್ಯ ತಟ್ಟೆಗೆ ಕೈ ಹಾಕಿದವನು ಹಿಂದಕ್ಕೆ ತೆಗೆದ.

"ಇರು," ಅಂದ. "ಅದರ ಮೇಲೆ ಈಗಲೇ ಮುದ್ದೆ ಬೇಡ. ಸ್ವಲ್ಪ ಹೊತ್ತು ಹೋಗ್ಲಿ."