ಕಾಲೆತ್ತಿ ನೋಡಿದವನು

ಕಾದ ಕುಡುಗೋಲನ್ನು ಒಲೆಯಿಂದ ತೆಗೆದುಕೊಂಡು ನೆರೆಮನೆಯ ಕೆಂಚಯ್ಯ ಚನ್ನಪ್ಪನ ಎತ್ತಿನ ಹತ್ತಿರ ಬಂದಾಗ ಚನ್ನಪ್ಪ ಅಡ್ಡ ನಿಂತ.

“ಬರೆ ಆಕ್ಬ್ಯಾಡ, ತಡಿಯಲಾ. ಭುಜ ಏನು ತಪ್ಪು ಮಾಡೈತೆ?”

ಎತ್ತಿನ ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ನೊಗ ಉಜ್ಜಿ ಬಾತಿದೆ ಎಂಬುದು ಕೆಂಚಯ್ಯನ ವಾದ. ಚನ್ನಪ್ಪ ಕೇಳಲಿಲ್ಲ. ಸಗಣಿ ಗಂಜಲದಲ್ಲೇ ಮಂಡಿಯೂರಿ, ಮುಂಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗೊರಸಿನ ಸಂದಿಯಿಂದ ಜಾಲಿಮುಳ್ಳು ಕಿತ್ತ. ಕೀವು ಚಿಮ್ಮಿತು.

“ಗಡ್ಡೆ ಕಾವಲುಗಾರ ಕಣ್ಲಾ. ಕಳ್ಳ ನುಗ್ಗವ್ನೆ ಅಂತ ಕೂಗ್ತಾ ಇರ್ತದೆ. ಕಾವಲುಗಾರನ್ನ ಸುಟ್ರೆ ಕಳ್ಳ ಓದಾನಾ?”

ಹಳ್ಳಿಮೈಸೂರಿನ ಆಸುಪಾಸಿನಲ್ಲಿ ದನಕ್ಕೆ ಏನಾದರೂ ಎಲ್ಲರೂ ಚನ್ನಪ್ಪನನ್ನೇ ಕರೆಯುತ್ತಿದ್ದರು. ಹೆಂಡತಿ ಪುಟ್ಟತಾಯಮ್ಮ ಕೊಡ ಹೊತ್ತುಕೊಂಡೇ ನಿಂತು ಹೆಮ್ಮೆಯಿಂದ ನೋಡಿದಳು. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಆ ವರ್ಷ ಹೊಳೆನರಸೀಪುರದ ಕಡೆಯಿಂದ ಪ್ಲೇಗು ಬಂದಿತ್ತು. ಊರಲ್ಲಿ ಇಲಿ ಸತ್ತು ಬೀಳತೊಡಗಿದ್ದವು. ಎತ್ತು ನೆಟ್ಟಗಾದ ವಾರದಲ್ಲೇ ಪುಟ್ಟತಾಯಮ್ಮನ ತೊಡೆಸಂದಿಯಲ್ಲಿ ಗಡ್ಡೆ ಕಾಣಿಸಿತು, ಮೈ ಬೆಚ್ಚಗಾಯಿತು.

“ಬೇಲಿ ತಾವ ಕಾಲಿಗೆ ಏನೋ ಚುಚ್ತು ಅತ್ತೆ,” ಎಂದಳು.

ಅತ್ತೆ ನಂಜಮ್ಮ ಆಗಲೇ ಮೊಲೆ ಕುಡಿಯುತ್ತಿದ್ದ ಮೊಮ್ಮಗನನ್ನು ಕಿತ್ತುಕೊಂಡು ಹೊಸ್ತಿಲು ದಾಟಿದ್ದಳು. “ಪಿಳೇಗು ಕಣಪ್ಪಾ! ಇವಳ್ನ ಇವತ್ತೇ ಊರಾಚೆ ಆಕು!” ಎಂದು ಮಗನಿಗೆ ಕೂಗಿದಳು.

ಪುಟ್ಟತಾಯಮ್ಮ ಗಂಡನ ಕಡೆಗೆ ಅಂಗಾಲು ಚಾಚಿದಳು. “ಒಂದ್ಸಲ ನೋಡಿ.”

ಚನ್ನಪ್ಪ ಹಿಂದೆ ಸರಿದ. ಎತ್ತಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡವನು ಹೆಂಡತಿಯ ಕಾಲು ಮುಟ್ಟಲಿಲ್ಲ. ರೋಗದ ಹೆದರಿಕೆಯೋ, ಅವ್ವನ ಎದುರಿಗೆ ಹೆಂಡತಿಯ ಕಾಲು ಹಿಡಿಯುವ ನಾಚಿಕೆಯೋ, ಅವನಿಗೇ ಗೊತ್ತು.

ಕೆರೆಯಾಚೆಯ ಗುಡಿಸಲಲ್ಲಿ, ರೋಗದವರ ನಡುವೆ ಅವಳನ್ನು ಬಿಟ್ಟು ಬಂದರು. ಪಕ್ಕದ ಚಾಪೆಯಲ್ಲಿದ್ದವಳು ಕೆಂಚಯ್ಯನ ಹೆಂಡತಿ. ಪುಟ್ಟತಾಯಮ್ಮ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿದಳು. ಅಲ್ಲೇ ಆಕೆಯ ಪ್ರಾಣ ಹೋಯಿತು. ಹಾಲು ಕಟ್ಟಿ ಪುಟ್ಟತಾಯಮ್ಮನ ಎದೆ ಕಲ್ಲಾಯಿತು. ತಾಳಿಗೆ ಸಿಕ್ಕಿಸಿದ್ದ ಪಿನ್ನಿನಿಂದ ತನ್ನ ಅಂಗಾಲನ್ನು ತಾನೇ ಬಗೆದು ಮುಳ್ಳು ತೆಗೆದಳು. ತೊಡೆಯ ಗಡ್ಡೆ ಇಳಿಯಿತು.

ಅಂಬಲಿ ತಂದಿಟ್ಟು ಹೋಗುವವಳಿಂದ ಸುದ್ದಿ ತಿಳಿದು ಚನ್ನಪ್ಪ ಗಾಡಿ ಹೂಡಿಕೊಂಡು ಬಂದ. ಮುಖ ಅರಳಿತ್ತು.

“ಮುಳ್ಳಂತೆ ಕಣಮ್ಮಿ! ನಾನು ಯೋಳ್ಲಿಲ್ವಾ, ಗಡ್ಡೆ ಕಾವಲುಗಾರ ಅಂತ? ಅತ್ತು ಗಾಡಿಯ. ಮಗ ಒಂದೇ ಸಮ ಅಳ್ತಾವ್ನೆ.”

ಅವಳು ಬಾಗಿಲಲ್ಲೇ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು. ಅವನು ಗಾಡಿಯಿಂದಿಳಿದು ಹತ್ತಿರ ಬರುತ್ತಿದ್ದ ಹಾಗೆ, “ಅಲ್ಲೇ ನಿಂತ್ಕಳಿ,” ಎಂದಳು. ಎಡಗೈಯನ್ನು ಕಷ್ಟಪಟ್ಟು ಮೇಲೆತ್ತಿ ಕಂಕುಳು ತೋರಿಸಿದಳು.

“ಇವತ್ತು ಎದ್ದೈತೆ. ಕೈಯೆಲ್ಲಾ ಉಡುಕ್ದೆ. ಇದ್ಕೆ ಮುಳ್ಳಿಲ್ಲ.”

ನೊಗದಡಿಯ ಎತ್ತು ನೊಣ ಓಡಿಸಲು ವಾಸಿಯಾದ ಕಾಲನ್ನು ಎತ್ತಿ ನೆಲಕ್ಕೆ ಬಲವಾಗಿ ಅಪ್ಪಳಿಸಿತು.