ಎಡಗಡೆಯ ಕಂಬ

ಸೀಮೆಸುಣ್ಣದ ಗೆರೆ ಸೊಟ್ಟಗೆ ಬಂದಿತ್ತು.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ಸೋಮಲಿಂಗಪ್ಪ ತಾವೇ ಎಳೆದ ಗೆರೆಯನ್ನು ನೋಡಿದರು. ಬಲಗಡೆ ನೆಟ್ಟಗೆ ಹೊರಟದ್ದು ಎಡಕ್ಕೆ ಹೋಗುತ್ತ ಹೋಗುತ್ತ ನಾಲ್ಕು ಬೆರಳು ಕೆಳಗೆ ಜಾರಿತ್ತು.

"ಈ ಗ್ವಾಡಿನ ಸೊಟ್ಟ ಐತಿ," ಎಂದರು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಅವರ ಹೆಂಡತಿ ಶಂಕ್ರಮ್ಮ ಗೋಡೆಯನ್ನೂ ನೋಡಿದರು, ಗಂಡನನ್ನೂ ನೋಡಿದರು. "ಹೌದ್ರಿ. ಎಲ್ಲಾ ಗ್ವಾಡಿದಾ ತಪ್ಪು," ಎಂದರು.

ಒಂದು ಕಾಲದಲ್ಲಿ ಈ ಮನುಷ್ಯ ಎಳೆದ ಗೆರೆ ನೋಡಲೆಂದೇ ಜನ ನಿಲ್ಲುತ್ತಿದ್ದರು. ರಾಣೆಬೆನ್ನೂರಿನಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಮದ್ರಾಸಿಗೆ ಬಂದು, ಜನರಲ್ ಪ್ಯಾಟರ್ಸ್ ರೋಡಿನಲ್ಲಿ ಮೂವತ್ತೆಂಟು ವರ್ಷ ಹೆಡ್‌ಲೈಟು ಮಾರಿದವರು ಸೋಮಲಿಂಗಪ್ಪ. ಮಾರಿದ್ದಕ್ಕಿಂತ ಹೆಚ್ಚು ಹೆಸರು ಬಂದದ್ದು ಫೋಕಸ್ ಕೂರಿಸುವುದರಲ್ಲಿ. ಎದುರುಗೋಡೆಯ ಮೇಲೆ ಬರಿಗೈಯಲ್ಲಿ ಒಂದು ಗೆರೆ, ಇಪ್ಪತ್ತೈದು ಅಡಿ ದೂರದಲ್ಲಿ ಗಾಡಿ, ಕೈಯಲ್ಲೊಂದು ಸ್ಕ್ರೂಡ್ರೈವರು, ಅಷ್ಟೇ ಸಾಮಾನು. ಬೆಳಕಿನ ಮೇಲಂಚು ಗೆರೆಗೆ ಬಂದು ಕೂರುವವರೆಗೆ ತಿರುಪು ತಿರುಗಿಸುತ್ತಿದ್ದರು. ಕಾಸಿಮೇಡು ಬಂದರಿನಿಂದ ಮೀನು ಲಾರಿಯವರು ಕೂಡ ಬರುತ್ತಿದ್ದರು. ಲಾರಿಯ ವಾಸನೆಗೆ ಮೂಗು ಮುಚ್ಚಿಕೊಂಡಾದರೂ ಸೋಮಲಿಂಗಪ್ಪ ಫೋಕಸ್ ಕೂರಿಸಿಯೇ ಕಳಿಸುತ್ತಿದ್ದರು. "ಬಲ್ಬ್ ನೋಡಬ್ಯಾಡ, ಗ್ವಾಡಿ ನೋಡು. ತಲಿ ಅಲ್ಲಾಡಿಸಬ್ಯಾಡ." ಕೆಲಸಕ್ಕೆ ಬಂದ ಪ್ರತಿ ಹುಡುಗನಿಗೂ ಮೊದಲ ದಿನ ಹೇಳುತ್ತಿದ್ದ ಮಾತು ಅದು.

ಆಮೇಲೆ ಸ್ಕ್ರೂ ಇಲ್ಲದ ಲೈಟುಗಳು ಬಂದವು. ಬಿಚ್ಚುವ ಹಾಗಿಲ್ಲ, ಬಲ್ಬ್ ಬದಲಿಸುವ ಹಾಗಿಲ್ಲ, ಏನಾದರೂ ಕೆಟ್ಟರೆ ಲ್ಯಾಪ್‌ಟಾಪ್ ಚುಚ್ಚಬೇಕು. ಸೋಮಲಿಂಗಪ್ಪ ಒಂದು ವರ್ಷ ಬೈದುಕೊಂಡು, ಇನ್ನೊಂದು ವರ್ಷ ನೊಣ ಹೊಡೆದು, ಐದು ವರ್ಷದ ಹಿಂದೆ ಅಂಗಡಿಯ ಷಟರ್ ಎಳೆದರು.

ಈಗ ಅಂಥದ್ದೇ ಒಂದು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅವರ ಮಗಳು ಶರಣ್ಯಾ ಇವತ್ತು ಕೆಲಸಕ್ಕೆ ರಜೆ ಹಾಕಿ ಕಾರಿನೊಳಗೆ ಕೂತಿದ್ದಳು. ಕ್ರೋಂಪೇಟೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಒಂದು ಕಾರ್ಖಾನೆಯಲ್ಲಿ ಗಾಡಿಗಳ ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮಾಡುವವಳು. ಸ್ಟೀರಿಂಗಿನ ಕೆಳಗಿಂದ ಒಂದು ವೈರು ಬಂದು ಲ್ಯಾಪ್‌ಟಾಪಿಗೆ ಸೇರಿತ್ತು.

"ಹಾರ್ಡ್‌ವೇರ್ ಎಲ್ಲಾ ಉಳ್ಳೇ, ಒಳಗೇ ಇದೆ ಅಪ್ಪಾಜಿ," ಎಂದಳು. ಮದ್ರಾಸಿನಲ್ಲೇ ಹುಟ್ಟಿದ ಹುಡುಗಿಯ ಕನ್ನಡ. ತಮಿಳು ಕೇಳದೆಯೇ ಬಂದು ನಡುವೆ ಕೂರುತ್ತಿತ್ತು. "ತಿರುಗೋ ಲೈಟು, ಎದುರಿನ ಗಾಡೀನ ನೋಡೋ ಕ್ಯಾಮೆರಾ, ಎಲ್ಲಾ ಫ್ಯಾಕ್ಟರಿಲೇ ಹಾಕಿದಾರೆ. ಆದ್ರೆ ಈ ಮಾಡೆಲ್‌ಗೆ ಮಾತ್ರ ಸಾಫ್ಟ್‌ವೇರ್‌ಲ ಮುಚ್ಚಿ ಇಟ್ಟಿದಾರೆ. ನಾನು ಕೋಡಿಂಗ್ ಮಾಡಿ ತೆರೀತಿದೀನಿ, ಅಷ್ಟೇ."

"ಲೈಟ್ ಕೊಟ್ಟು ಸ್ವಿಚ್ ಬಚ್ಚಿಟ್ಟಂಗಾತು! ನಾ ಹಂಗ ಮಾಡಿದ್ರ ಟ್ಯಾಕ್ಸಿಯವ್ರು ನನ್ನ ಅಂಗಡಿ ಮುರೀತಿದ್ರು."

ಶರಣ್ಯಾ ನಕ್ಕಳು. ಸೋಮಲಿಂಗಪ್ಪನವರೂ ನಕ್ಕರು. ಆದರೆ ಇದನ್ನೆಲ್ಲ ಮಾಡಿಸಿದ್ದು ಅವರ ಒಂದು ಸುಳ್ಳು.

ಯುಗಾದಿಯಾದ ಮರುವಾರ, ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಹೇಳಿ ಅವರು ಒಬ್ಬರೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖವಿಡಿಸಿ, ಚುಕ್ಕೆ ಕಂಡಾಗೆಲ್ಲ ಬಟನ್ ಒತ್ತಲು ಹೇಳಿದರು. ಬಂದ ಎಲ್ಲ ಚುಕ್ಕೆಗಳಿಗೂ ಒತ್ತಿದೆ ಎಂದುಕೊಂಡು ಹೆಮ್ಮೆಯಿಂದ ಹೊರಬಂದರೆ, ಡಾಕ್ಟರು ತೋರಿಸಿದ ಹಾಳೆಯಲ್ಲಿ ಎಡಭಾಗ ಪೂರ್ತಿ ಕಪ್ಪಾಗಿತ್ತು. ಗ್ಲಾಕೋಮಾ. ಎಡಗಣ್ಣು ಮುಕ್ಕಾಲು ಹೋಗಿದೆ, ಬಲಗಣ್ಣಿನ ಅಂಚೂ ಸವೆಯುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಡ್ರಾಪ್ಸ್ ಹಾಕಿಕೊಳ್ಳಿ. ಇನ್ನು ಡ್ರೈವಿಂಗ್ ಬೇಡ. ಡಾಕ್ಟರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದಿನವರನ್ನು ಕರೆದರು.

ಮನೆಗೆ ಬಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅಂಗಡಿ ಹೋದಮೇಲೆ ಅವರಿಗೆ ಉಳಿದಿದ್ದ ಕೆಲಸ ಒಂದೇ: ಎಂಟು ವರ್ಷದ ಮೊಮ್ಮಗಳು ತೇಜುವನ್ನು ದಿನಾ ಸಂಜೆ ನುಂಗಂಬಾಕ್ಕಂನ ಚೆಸ್ ಕ್ಲಾಸಿನಿಂದ ಕರೆತರುವುದು. ಅದೂ ಕೈತಪ್ಪಿದರೆ ಈ ಮನೆಯಲ್ಲಿ ತಾನು ಪೇಪರ್ ಓದುವ ಮುದುಕ, ಅಷ್ಟೇ ಎಂದು ಹೆದರಿದರು. ಎರಡು ತಿಂಗಳ ಹಿಂದೆ ಎಡಗಡೆಯಿಂದ ಬಂದ ಬೈಕೊಂದು ಕೂದಲೆಳೆಯಲ್ಲಿ ತಪ್ಪಿದಾಗ, ಪಕ್ಕದಲ್ಲಿದ್ದ ಶಂಕ್ರಮ್ಮ ಕಿಟಾರನೆ ಕಿರುಚಿದ್ದರು. ಅವತ್ತು ಮನೆಗೆ ಬಂದು ಸೋಮಲಿಂಗಪ್ಪ, "ಈ ಕಾರಿನ ಲೈಟ ಸರಿ ಇಲ್ಲ. ಎಡಕ್ಕ ಬೆಳಕಾ ಬೀಳಂಗಿಲ್ಲ," ಎಂದುಬಿಟ್ಟರು. ಹೆಡ್‌ಲೈಟಿನ ವಿಷಯದಲ್ಲಿ ಅಪ್ಪನ ಮಾತಿಗೆ ಆ ಮನೆಯಲ್ಲಿ ಎದುರಾಡುವವರು ಯಾರಿದ್ದರು? ಶರಣ್ಯಾ ಮೂರು ಭಾನುವಾರ ಕೂತು, ಎಲ್ಲೆಲ್ಲೋ ಓದಿ, ಯಾರ್ಯಾರನ್ನೋ ಕೇಳಿ, ಈ ಕಾರಿನಲ್ಲಿ ಅಡಗಿದ್ದ ಬೆಳಕನ್ನು ಪತ್ತೆ ಮಾಡಿದ್ದಳು.

"ಆಯ್ತು! ಪಾರುಂಗೋ ಅಪ್ಪಾಜಿ, ಗೋಡೆ ನೋಡ್ರಿ!"

ಎಂಜಿನ್ ಗುರ್ ಎಂದಿತು. ಗೋಡೆಯ ಮೇಲೆ ಬಿದ್ದ ಬಿಳಿ ಬೆಳಕು ಒಮ್ಮೆ ಕೆಳಗಿಳಿದು, ಮೇಲೆದ್ದು, ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಹೋಗಿ, ಗೆರೆಯ ಮೇಲೆ ಬಂದು ನಿಂತಿತು. ಯಾವ ಕೈಯೂ ಇಲ್ಲದೆ, ಯಾವ ತಿರುಪೂ ಇಲ್ಲದೆ. "ಅಬ್ಬಬ್ಬಾ!" ಎಂದರು ಸೋಮಲಿಂಗಪ್ಪ. ಅದು ಸುಳ್ಳಲ್ಲ. ಜೀವಮಾನವಿಡೀ ಬೆಳಕಿನ ಜೊತೆ ಏಗಿದ ಮನುಷ್ಯನಿಗೆ ಎದೆ ತುಂಬಿ ಬಂದಿತ್ತು.

"ಈಗ ನೀವು ಕೂತ್ಕೊಳ್ರಿ. ತಿರುವಿನ ಲೈಟ್ ಟೆಸ್ಟ್ ಮಾಡಣ." ಶರಣ್ಯಾ ಇಳಿದಳು.

ಸೋಮಲಿಂಗಪ್ಪ ಡ್ರೈವರ್ ಸೀಟಿಗೆ ಬಂದರು. ಶಂಕ್ರಮ್ಮ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಬಾಗಿಲು ಹಿಡಿದು, ಎಡಗಡೆಯ ಸೀಟಿನಲ್ಲಿ ಕೂತರು. ಅದು ಅವರ ಸೀಟು. ಮದುವೆಯಾದಂದಿನಿಂದ ಆ ಸೀಟಿನಲ್ಲಿ ಕೂತು ಅವರು ಬಾಯಿ ಮುಚ್ಚಿದ್ದೇ ಇಲ್ಲ. ಎಡಕ್ಕ ಆಟೋ ಬಂತ್ರಿ, ಎಡಕ್ಕ ಆಕಳ ಐತಿ, ನಿಧಾನ್ರಿ. "ಗಾಡಿ ನೀನಾ ಹೊಡೀತೀಯೇನು?" ಎಂದು ಸೋಮಲಿಂಗಪ್ಪ ನಲವತ್ತು ವರ್ಷ ರೇಗಿದ್ದರು. ಕಳೆದ ಆರು ತಿಂಗಳಲ್ಲಿ ಮಾತ್ರ ಒಮ್ಮೆಯೂ ರೇಗಿರಲಿಲ್ಲ. ಆ ವಟವಟ ಇಲ್ಲದಿದ್ದರೆ ತಾನು ದಾರಿಯಲ್ಲಿನ ಚೂಳೈಮೇಡಿನ ಗದ್ದಲ ದಾಟಲಾರೆ ಎಂದು ಅವರಿಗೆ ಗೊತ್ತಿತ್ತು. ಪುಣ್ಯಕ್ಕೆ, ಮಂಡಿ ನೋವಿದ್ದರೂ ಶಂಕ್ರಮ್ಮ ಒಂದು ದಿನವೂ ಬಿಡದೆ ಜೊತೆಗೆ ಬರುತ್ತಿದ್ದರು.

ಶರಣ್ಯಾ ಪಾರ್ಕಿಂಗಿನ ಟ್ಯೂಬ್‌ಲೈಟ್ ಆರಿಸಿ, ಎಡಗಡೆಯ ಕಂಬದ ಹತ್ತಿರ ಹೋಗಿ ನಿಂತಳು. ಕತ್ತಲಲ್ಲಿ ಅವಳ ದನಿ ಮಾತ್ರ ಬಂತು. "ರೋಡಲ್ಲಿದ್ದ ಹಾಗೆ ನೇರ ನೋಡ್ರಿ ಅಪ್ಪಾಜಿ. ನಿಮ್ಮದೇ ರೂಲು, ತಲೆ ಅಲ್ಲಾಡಿಸಬಾರದು. ಈಗ ಸ್ಟೀರಿಂಗ್ ಎಡಕ್ಕೆ. ನಾನು ಕಾಣ್ತೀನಾ?"

ಅವರು ತಿರುಗಿಸಿದರು. ಗೆರೆಯ ಮೇಲಿದ್ದ ಬೆಳಕು ಕರಗಿ ಎಡಕ್ಕೆ ಹೋಯಿತು, ಹೋಗಿ ಎಲ್ಲೋ ಇಲ್ಲವಾಯಿತು.

"ಕಂಬದ ಹತ್ರ ನಿಂತಾಳ," ಪಕ್ಕದಿಂದ ಶಂಕ್ರಮ್ಮ ಪಿಸುಗುಟ್ಟಿದರು. "ಛಲೋ ಕಾಣಾಕತ್ತಾಳ."

"ಕಾಣ್ತೀಯವ್ವಾ! ಕಂಬದ ಹತ್ರ!" ಸೋಮಲಿಂಗಪ್ಪ ಕೂಗಿದರು.

"ಸೂಪರ್! ಹಾಗಿದ್ರೆ ಕವಲೆ ಇಲ್ಲ, ಚಿಂತೆ ಇಲ್ಲ." ಶರಣ್ಯಾಳ ದನಿಯಲ್ಲಿ ದೊಡ್ಡ ಭಾರ ಇಳಿಸಿದ ಹಗುರ. "ಬುಧವಾರ ಅವ್ವನ ಮಂಡಿ ಆಪರೇಷನ್. ಎರಡು ತಿಂಗಳು ಅವ್ವ ಕೆಳಗೆ ಇಳಿಯೋ ಹಾಗಿಲ್ಲ. ಎಟ್ಟು... ಎಂಟು ಗಂಟೆವರೆಗೂ ನನಗೆ ಶಿಫ್ಟು. ತೇಜುನ ಯಾರು ಕರ್ಕೊಂಡು ಬರ್ತಾರೆ ಅಂತ ನನಗೆ ನಿದ್ದೇನೇ ಇರಲಿಲ್ಲ. ಇನ್ನು ನೀವೊಬ್ಬರೇ ಹೋಗಬಹುದು. ಇರ್ರಿ, ಇನ್ನೊಂದು ಸಲ ನೋಡಿಬಿಡಣ."

ಸೋಮಲಿಂಗಪ್ಪ ಸ್ಟೀರಿಂಗನ್ನು ನೇರ ಮಾಡಿದರು. ಬೆಳಕು ಮರಳಿ ಬಂದು ಸೊಟ್ಟ ಗೆರೆಯ ಮೇಲೆ ನಿಂತಿತು. ಆಪರೇಷನ್ನಿನ ಮಾತು ಮನೆಯಲ್ಲಿ ತಿಂಗಳಿಂದ ನಡೆದಿತ್ತು; ಅದಾದಮೇಲೆ ಪಕ್ಕದ ಸೀಟು ಖಾಲಿ ಇರುತ್ತದೆ ಎಂಬುದನ್ನು ಅವರು ಬೇಕೆಂದೇ ಯೋಚಿಸಿರಲಿಲ್ಲ. ಈಗ ಆ ಸೀಟಿನಲ್ಲಿ ತೇಜು ಕಂಡಳು, ಮಡಿಲಲ್ಲಿ ಚೆಸ್ ಡಬ್ಬಿ ಇಟ್ಟುಕೊಂಡು, ತಾತನಿಗೆ ಎಲ್ಲ ಕಾಣುತ್ತದೆ ಎಂದು ನಂಬಿಕೊಂಡು.

"ತಿರುಗಿಸಿ ಅಪ್ಪಾಜಿ! ನಾನು ಜಾಗ ಬದಲಾಯಿಸಿದೀನಿ. ಎಲ್ಲಿದೀನಿ ಹೇಳ್ರಿ ನೋಡಣ!"

ಅವರು ತಿರುಗಿಸಿದರು. ಬೆಳಕು ಹೋಯಿತು. ಸೋಮಲಿಂಗಪ್ಪ ಹೆಂಡತಿಯ ದನಿಗಾಗಿ ಕಾದರು.

ಶಂಕ್ರಮ್ಮ ಮಾತಾಡಲಿಲ್ಲ.

ಸೋಮಲಿಂಗಪ್ಪ ಕೆಮ್ಮಿದರು. ಬೆರಳಿನಿಂದ ಸ್ಟೀರಿಂಗ್ ತಟ್ಟಿದರು. ಪಕ್ಕದಲ್ಲಿ ಬಳೆ ಸಹ ಅಲ್ಲಾಡಲಿಲ್ಲ. ತಲೆ ತಿರುಗಿಸಿ ನೋಡಿದರೆ, ಶಂಕ್ರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಗಂಡನನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಆಗ ಸೋಮಲಿಂಗಪ್ಪನವರಿಗೆ ಧಸಕ್ಕೆಂದು ತಿಳಿಯಿತು. ಇವಳಿಗೆ ಗೊತ್ತು. ಇವತ್ತಲ್ಲ, ಮೊದಲಿಂದಲೂ ಗೊತ್ತು. ಆ ಮಂಡಿಯನ್ನು ಎಳೆದುಕೊಂಡು ದಿನಾ ಕಾರು ಹತ್ತಿದ್ದು ಮೊಮ್ಮಗಳನ್ನು ನೋಡುವ ಆಸೆಗಲ್ಲ.

"ಅಪ್ಪಾಜೀ? ನಾನು ಕಾಣ್ತೀನಾ ಇಲ್ವಾ?"

ಕಾಣ್ತೀಯವ್ವಾ ಎಂದು ಒಂದು ಮಾತು ಅಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಸೋಮಲಿಂಗಪ್ಪ ಮತ್ತೆ ಗೋಡೆಯತ್ತ ತಿರುಗಿದರು.

"ಇಲ್ಲ ಶರಣ್ಯಾ. ಕಾಣವಲ್ಲಿ."

"ಅಯ್ಯೋ, ಹೇಗೆ? ನನ್ನ ಮುಖಕ್ಕೇ ಹೊಡೀತಿದೆ ಲೈಟು! ಇರ್ರಿ, ಕೋಡಿಂಗಲ್ಲಿ ಏನೋ ತಪ್ಪಾಗಿದೆ, ಲ್ಯಾಪ್‌ಟಾಪ್..."

"ಲೈಟಿಂದೇನೂ ತಪ್ಪಿಲ್ಲವ್ವಾ," ಎಂದರು ಸೋಮಲಿಂಗಪ್ಪ. "ಲೈಟ್ ಭಾಳ ಛಲೋ ಐತಿ. ಮೊದಲೂ ಛಲೋ ಇತ್ತು. ನನ್ನ ಕಣ್ಣ ಹೋಗ್ಯಾವು."

ಶರಣ್ಯಾ ಬೆಳಕಿನೊಳಗಿಂದ ನಡೆದು ಬಂದು ಕಿಟಕಿಯ ಹತ್ತಿರ ನಿಂತಳು. "ಯಾವಾಗಿಂದ?" ಎಂದಳು.

"ಯುಗಾದಿಯಿಂದ," ಎಂದರು ಶಂಕ್ರಮ್ಮ.

ಸೋಮಲಿಂಗಪ್ಪ ಹೆಂಡತಿಯತ್ತ ತಿರುಗಿದರು.

"ಏನ್ ನೋಡ್ತೀರಿ? ಡ್ರಾಪ್ಸಿನ ಬಾಟ್ಲಿ ಹಳೇ ಬಲ್ಬಿನ ಡಬ್ಬ್ಯಾಗ ಇಟ್ಟೀರಿ. ಆ ಡಬ್ಬಿ ಧೂಳ ಒರಸಾಕಿ ಯಾರು ಈ ಮನ್ಯಾಗ?"

"ಅವ್ವಾ, ನೀನೂನಾ?" ಶರಣ್ಯಾ ಸಿಡಿದಳು. "ನನ್ನ ಮಗು ಕೂರ್ತಿತ್ತಲ್ಲ ಈ ಕಾರಲ್ಲಿ! ಇಬ್ಬರೂ ಸೇರ್ಕೊಂಡು... ಒಂದು ವಾರ್ತೆ, ಒಂದೇ ಒಂದು ಮಾತು ನನಗೆ ಹೇಳಕ್ಕಾಗಲಿಲ್ವಾ?"

"ಅವರಾ ಹೇಳ್ಲಿ ಅಂತ ಕಾದೆ," ಶಂಕ್ರಮ್ಮ ಕಣ್ಣೊರೆಸಿಕೊಂಡರು. "ತಪ್ಪಾತು. ನಾ ಇಲ್ಲದ ಒಂದಿನಾನೂ ಗಾಡಿ ಹೊಡ್ಯಾಕ ಬಿಟ್ಟಿಲ್ಲ, ಅಷ್ಟ ಹೇಳಬಲ್ಲೆ."

ಸೋಮಲಿಂಗಪ್ಪ ಕೀಲಿಯನ್ನು ಮಗಳ ಕೈಗಿಟ್ಟು ಇಳಿದರು. ಕ್ಷಮಿಸು ಎನ್ನಬೇಕೆಂದಿದ್ದವರು, "ಆರೂವರಿಗೆ ಕ್ಲಾಸ್ ಬಿಡ್ತೈತಿ. ತಡ ಆದ್ರ ಅಳ್ತಾಳ," ಎಂದರು.

ಮೊದಲ ಸಲ ಅವರು ಎಡಗಡೆಯ ಸೀಟಿನಲ್ಲಿ ಕೂತರು. ಅಭ್ಯಾಸಬಲದಿಂದ ಬಲಭುಜದ ಮೇಲೆ ಬೆಲ್ಟು ತಡಕಾಡಿದರು. ಶರಣ್ಯಾ ಬಾಗಿ, ಎಡಗಡೆಯಿಂದ ಎಳೆದು ಸಿಕ್ಕಿಸಿದಳು. ಶಂಕ್ರಮ್ಮ ಹಿಂದೆ ಕೂತರು. ಕಾರು ಮೇಲೆ ಬಂದಾಗ ರಸ್ತೆಯ ಮೇಲೆ ಸಂಜೆ ಮುಗಿಯುತ್ತಿತ್ತು.

"ಎಡಕ್ಕ ಆಟೋ ಬಂತು!" ಶಂಕ್ರಮ್ಮ ಎಂದರು.

"ಕಾಣಿಸ್ತಿದೆ ಅವ್ವಾ," ಶರಣ್ಯಾ ಮುಖ ಗಂಟಿಕ್ಕಿಕೊಂಡೇ ಹೇಳಿದಳು.

ಶಂಕ್ರಮ್ಮ ಬಾಯಿ ಮುಚ್ಚಿಕೊಂಡರು. ಒಂದು ಸಿಗ್ನಲ್ ದಾಟಿತು, ಇನ್ನೊಂದು ದಾಟಿತು. ಸೋಮಲಿಂಗಪ್ಪ ಎದುರಿನ ಬೆಳಕನ್ನು ನೋಡುತ್ತ ಕೂತರು. ಆರು ತಿಂಗಳಲ್ಲಿ ಮೊದಲ ಸಲ ಅವರ ಎಡಗಡೆ ಪೂರ್ತಿ ಖಾಲಿಯಾಗಿತ್ತು, ಅವರಿಗೆ ಅಳು ಬರುವಂತಾಯಿತು.

ಹಿಂದಿನಿಂದ ಒಂದು ಕೈ ಬಂದು ಅವರ ಎಡಭುಜದ ಮೇಲೆ ಕೂತಿತು.

"ಮಲ್ಲಿಗಿ ಮಾರಾಕಿ ಕುಂತಾಳ," ಶಂಕ್ರಮ್ಮ ಮೆಲ್ಲಗೆ ಹೇಳಿದರು. "ಬುಟ್ಟಿ ಇನ್ನೂ ತುಂಬೇತಿ." ಸ್ವಲ್ಪ ಮುಂದೆ, "ಇಸ್ತ್ರಿಯಾಂವ ಇವತ್ತ ಬಂದಿಲ್ಲ. ಬಂಡಿಗೆ ತಾಡಪತ್ರಿ ಮುಚ್ಚ್ಯಾನ." ಇನ್ನೂ ಸ್ವಲ್ಪ ಮುಂದೆ, "ಹಳದಿ ಮನಿಗೆ ಹೊಸಾ ಗೇಟ್ ಹಾಕ್ಯಾರ, ಹಸಿರದು."

"ಹೌದೇನು?" ಎಂದರು ಸೋಮಲಿಂಗಪ್ಪ.

ಈ ಸಲ ಶರಣ್ಯಾ ಕಾರಿನ ವೇಗ ಇಳಿಸಿದಳು. ಕ್ಲಾಸಿನ ಬೀದಿಗೆ ಹೊರಳುವಾಗ ಹೆಡ್‌ಲೈಟು ಅವರಿಗಿಂತ ಮೊದಲೇ ಎಡಕ್ಕೆ ತಿರುಗಿಕೊಂಡಿತು.

"ತೇಜು ಗೇಟಿನ ಹತ್ರಾನ ನಿಂತಾಳ್ರಿ," ಎಂದರು ಶಂಕ್ರಮ್ಮ. "ನಮ್ಮ ಕಾರ್ ಗುರುತು ಹಿಡದ್ಲು. ಕೈ ಬೀಸಾಕತ್ತಾಳ."

ನೇರ ನೋಡುತ್ತಲೇ, ಸೋಮಲಿಂಗಪ್ಪ ಎಡಗೈ ಎತ್ತಿ ಬೀಸಿದರು.