ಮುಂದಿನ ಗಾಜು

ಟೆಲಿಸ್ಕೋಪಿನ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದಳು. ಇನ್ನೊಂದು ಚೂರು ಅಂಚಿಗೆ ಅಂಟಿಕೊಂಡಿತ್ತು. ಉಸಿರು ಬಿಗಿಹಿಡಿದು ಅದನ್ನು ಚಿಮುಟದಿಂದ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟಳು. ಕೆಂಪು ಗಾಜು, ಉಗುರಿನಷ್ಟು ಅಗಲ. ಕೈಗೆ ತಾಗದಂತೆ ಬಟ್ಟೆಯ ಅಂಚನ್ನು ಮೇಲಕ್ಕೆ ಮಡಿಸಿ ಮತ್ತೆ ಕೊಳವೆಗೆ ಬಗ್ಗಿದಳು.

ಸೌರ ವೀಕ್ಷಣಾಲಯದ ತಾರಸಿಯ ಮೇಲಿನ ಕೋಣೆ ಅದು. ದಿನಾ ಬೆಳಿಗ್ಗೆ ಅದರ ಚಾವಣಿ ಸರಿಸಿ ಸೂರ್ಯನ ಚಿತ್ರ ತೆಗೆಯುವುದು ಅವಳ ಕೆಲಸ. ಅವಳಿಗಿಂತ ಮೊದಲು ಅದು ಅವಳ ಮಾವನ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೊಸೆಯ ಜೊತೆ ಬರುತ್ತಿದ್ದರು. ಬಂದು ಮಾಡುತ್ತಿದ್ದುದು ಒಂದೇ ಕೆಲಸ. ಶಾಖ ತಡೆಯುವ ಕೆಂಪು ಗಾಜಿನ ಫಿಲ್ಟರನ್ನು ಒರೆಸಿ ಅದರ ಜಾಗದಲ್ಲಿ ಕೂರಿಸುವುದು. ಅಷ್ಟಾದರೆ ಅವರಿಗೆ ದಿನ ಶುರುವಾದ ಹಾಗೆ. ರಜೆ ಬಂದರೆ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಾರೆಂದು ಅತ್ತೆ ಗೊಣಗುತ್ತಿದ್ದರು.

ಫಿಲ್ಟರಿಗಾಗಿ ಕೊಳವೆಯಲ್ಲಿ ಎರಡು ಖಾನೆಗಳಿದ್ದವು. ಮುಂದಿನ ಖಾನೆಯ ಹತ್ತಿರ ಬಿಸಿಲು ಇನ್ನೂ ಹರಡಿಕೊಂಡಿರುತ್ತದೆ. ಹಿಂದಿನದು ಕ್ಯಾಮೆರಾದ ಪಕ್ಕ; ಅಲ್ಲಿಗೆ ಬರುವಷ್ಟರಲ್ಲಿ ಅದೇ ಬಿಸಿಲು ಒಂದೆಡೆ ಕೂಡಿಕೊಂಡು ಬೆಂಕಿಯ ಮೊನೆಯಾಗಿರುತ್ತದೆ. ನಿನ್ನೆ ಮಾವ ಗಾಜನ್ನು ಹಿಂದಿನ ಖಾನೆಯಲ್ಲಿಟ್ಟಿದ್ದರು. ಅವಳು ನೋಡಿರಲಿಲ್ಲ. ಟಪ್ಪೆಂದು ಸಿಡಿದ ಸದ್ದಿಗೆ ಓಡಿಹೋಗಿ ಕೊಳವೆಯ ಬಾಯಿ ಮುಚ್ಚಿದಳು. ಕ್ಯಾಮೆರಾ ಉಳಿದದ್ದೇ ಪುಣ್ಯ. ಹಿಂದೊಮ್ಮೆಯೂ ಅವರು ಹೀಗೆ ಮಾಡಿದ್ದರು. ಆಗ ಅವಳ ಕಣ್ಣಿಗೆ ಬಿದ್ದು, ಅವರು ಅತ್ತ ತಿರುಗಿದಾಗ ಸದ್ದಿಲ್ಲದೆ ಗಾಜನ್ನು ಮುಂದಕ್ಕೆ ಹಾಕಿದ್ದಳು.

ನಿನ್ನೆ ರಾತ್ರಿ ವಿಷಯ ಗಂಡನಿಗೆ ತಿಳಿಯಿತು. ಊಟದ ಕೊನೆಯಲ್ಲಿ, ಅಪ್ಪ ಎದ್ದು ಹೋದ ಮೇಲೆ, ಅವನು ದನಿ ತಗ್ಗಿಸಿದ. "ಇನ್ನು ಬರೋದು ಬೇಡ ಅಂತ ಅಪ್ಪನಿಗೆ ನೀನೇ ಹೇಳಿಬಿಡು. ನನ್ನ ಮಾತು ಅವರ ಕಿವಿಗೇ ಹೋಗಲ್ಲ. ನೀನಂದ್ರೆ ಕೇಳ್ತಾರೆ." ಇಷ್ಟು ಹೇಳಿ ಕೈ ತೊಳೆದುಕೊಂಡ, ಎರಡು ಅರ್ಥದಲ್ಲೂ. ಮನೆಯ ಕಹಿ ಮಾತುಗಳೆಲ್ಲ ಹೆಂಗಸರ ಬಾಯಿಂದ ಬಂದರೆ ಸಿಹಿಯಾಗಿಬಿಡುತ್ತವೆಂದು ಗಂಡಸರಿಗೆ ಯಾರು ಹೇಳಿದರೋ ಎಂದುಕೊಂಡು ಅವಳು ತಟ್ಟೆ ಎತ್ತಿದ್ದಳು. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಇನ್ನೊಮ್ಮೆ ಹೀಗಾದರೆ ಕ್ಯಾಮೆರಾ ಸುಡುತ್ತದೆ, ಆಗ ಮಾವನನ್ನು ಮನೆಗೆ ಕಳಿಸುವವರು ಕಚೇರಿಯವರಾಗಿರುತ್ತಾರೆ.

ಈಗ ನೆರಳಿನಲ್ಲಿ ಕೂತಿದ್ದ ಮಾವ ಎದ್ದು ಬಂದು ಬಟ್ಟೆಯ ಮೇಲಿನ ಚೂರುಗಳನ್ನು ನೋಡಿ, ಕೊಳವೆಯೊಳಗೆ ಇಣುಕಿದರು.

"ಹಿಂದಿನ ಖಾನೇಲಿ ಒಡೆದಿದ್ದಾ? ಯಾರು ಇಟ್ಟಿದ್ದು ಅಲ್ಲಿ?"

ಅವಳು ಅವರ ಮುಖ ನೋಡಿದಳು. ಅದರಲ್ಲಿ ನಟನೆ ಇರಲಿಲ್ಲ. ಹೇಳಬೇಕಾದ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನಾನೇ ಇರಬೇಕು, ಮಾವ."

"ಇರಬೇಕು ಅಂದ್ರೆ? ಇಷ್ಟು ವರ್ಷ ಕಲಿಸಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲ."

ಬೈಗುಳದಲ್ಲಿ ಒಂದು ಹುರುಪಿತ್ತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪಾಠ ಶುರುಮಾಡಿದರು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೇಳಿಕೊಟ್ಟ ಅದೇ ಪಾಠ, ಒಂದು ಮಾತೂ ತಪ್ಪದೆ. ಕೆಂಪು ಗಾಜು ಶಾಖವನ್ನು ಹೀರಿಕೊಳ್ಳುತ್ತದೆ. ಲೇಪ ಹಚ್ಚಿದ ಗಾಜು ಕನ್ನಡಿಯಂತೆ ಅದನ್ನು ಹಿಂದಕ್ಕೆ ಕಳಿಸುತ್ತದೆ.

"ಕೆಂಪುದು ನಿಮ್ಮತ್ತೆ ಥರ. ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಹಾಕ್ಕೊಂಡು ಹಾಕ್ಕೊಂಡು ಒಂದಿನ ಢಮಾರ್. ಲೇಪದ್ದು ನಿನ್ನ ಥರ. ಬಾಗಿಲಲ್ಲೇ ನಿಲ್ಲಿಸಿ, ಹೋಗಿ ಬನ್ನಿ ಅಂತ ಕಳಿಸಿಬಿಡುತ್ತೆ."

"ಅತ್ತೆಗೆ ಹೇಳ್ಲಾ?"

"ಹೇಳು. ನಂಗೆ ರಾತ್ರಿ ಊಟ ಇಲ್ಲ, ಅಷ್ಟೇ."

ಅವಳು ನಕ್ಕಳು. ತಾನು ಅವರ ಕಣ್ಣಿಗೆ ಹಾಗೆ ಕಂಡಿದ್ದೇನೆಂಬುದು ಹೊಸ ಸಂಗತಿ. ಗಂಡ ಒಪ್ಪಿಸಿದ ಮಾತನ್ನು ನಿನ್ನೆಯಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿರುವವಳು ಯಾರು ಹಾಗಾದರೆ?

ಅಷ್ಟರಲ್ಲಿ ವೀಕ್ಷಣಾಲಯದ ಮುಖ್ಯಸ್ಥೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಒಡೆದ ಗಾಜಿನ ಬದಲು ಅಂಥದ್ದೇ ತರಿಸುವುದೋ, ಬೇರೆಯದೋ ಎಂದು ಕೇಳಿದರು. ಲೇಪದ ದೊಡ್ಡ ಗಾಜು ತರಿಸಿ ಎಂದಳು ಅವಳು. ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚುವಂಥದ್ದು, ಮುಂದುಗಡೆ ಸ್ಕ್ರೂ ಹಾಕಿ ಕೂರಿಸುವಂಥದ್ದು. ಚಿಕ್ಕದು ಸಾಲದೇ ಎಂದು ಅವರು ಕೇಳಿದ್ದಕ್ಕೆ, ಶಾಖ ಒಳಗೇ ಬರದಿದ್ದರೆ ಕೊಳವೆಯ ಗಾಳಿ ಕದಡುವುದಿಲ್ಲ, ಸೂರ್ಯನ ಕಲೆಗಳ ಅಂಚು ಅಲುಗದೆ ನಿಲ್ಲುತ್ತದೆ ಎಂದು ವಿವರಿಸಿದಳು. ಅದೆಲ್ಲ ನಿಜವೇ. ಮುಖ್ಯಸ್ಥೆ ಒಪ್ಪಿ ಇಳಿದು ಹೋದರು.

"ಒಳ್ಳೇದನ್ನೇ ಆರಿಸಿದೆ," ಎಂದರು ಮಾವ. ಅಂಗಿಯ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಅದು ಅಲ್ಲೇ ಕೂತಿರುತ್ತಲ್ಲ. ಇನ್ನು ದಿನಾ ಇಡೋದಕ್ಕೆ ಏನೂ ಇರಲ್ಲ."

ಗಂಡನ ಮಾತನ್ನು ಹೇಳದೆಯೇ ಹೇಳಿದಂತಾಗಿತ್ತು. ಅವಳಿಗೆ ಬೇಕಾಗಿದ್ದುದು ಇದಲ್ಲ. ಎದ್ದು ಬೀರು ತೆರೆದಳು. ಮೇಲಿನ ಅರೆಯಲ್ಲಿ ಒಂದು ಚಿಕ್ಕ ತಿಳಿಗಾಜು ಇತ್ತು. ಮುಂದಿನ ಗಾಜು ದಾಟಿ ಬರುವ ಅಲ್ಪಸ್ವಲ್ಪ ಶಾಖವನ್ನು ತಡೆಯುವಂಥದ್ದು. ಇದ್ದರೆ ಚಿತ್ರ ಒಂದು ಕೂದಲೆಳೆ ಹಸನಾಗುತ್ತದೆ, ಇಲ್ಲದಿದ್ದರೆ ಹಾನಿಯಿಲ್ಲ. ಅದನ್ನು ತಂದು ಅವರ ಅಂಗೈ ಮೇಲಿಟ್ಟಳು.

"ಒಳಗೂ ಒಂದು ಬೇಕು, ಮಾವ. ಇದು. ನೀವೇ ಇಡಬೇಕು, ನನ್ನ ಕೈ ಸರಿಯಿಲ್ಲ ಅಂತ ನೋಡಿದ್ರಲ್ಲ."

ಅವರು ಗಾಜನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿದರು. "ಮುಂದಿನ ಖಾನೇಲಿ," ಎಂದರು ಗಂಭೀರವಾಗಿ. "ನೆನಪಿಟ್ಕೋ."

ನೆನಪಿಟ್ಟುಕೊಳ್ಳುತ್ತೇನೆಂದಳು. ಎಲ್ಲಿಟ್ಟರೂ, ಹೇಗಿಟ್ಟರೂ, ಒಂದು ದಿನ ಇಡುವುದನ್ನೇ ಮರೆತರೂ ನಡೆಯುತ್ತದೆಂದು ಹೇಳಲಿಲ್ಲ. ಮುಂದಿನ ಗಾಜಿನ ಸ್ಕ್ರೂಗಳನ್ನು ತಾನೇ ಬಿಗಿಯುವುದು, ಯಾವತ್ತೂ ಬಿಚ್ಚದಿರುವುದು, ಚಾವಣಿ ಸರಿಸುವ ಮೊದಲು ಅದನ್ನು ದಿನಾ ಮುಟ್ಟಿ ನೋಡುವುದು. ಇಷ್ಟನ್ನು ಅವಳು ನಿಂತಲ್ಲೇ ತೀರ್ಮಾನಿಸಿದಳು. ಇದೂ ಸಾಲದಾಗುವ ದಿನ ಬಂದೀತು. ಬಂದಾಗ ನೋಡಿಕೊಂಡರಾಯಿತು.

ಫೋನಿನಲ್ಲಿ ಗಂಡನ ಸಂದೇಶವಿತ್ತು, ಹೇಳಿದೆಯಾ ಎಂದು. ಓದಿ, ಫೋನನ್ನು ಕೈಚೀಲಕ್ಕೆ ಹಾಕಿ, ಕೊಳವೆಯ ಒಳಗೋಡೆ ಒರೆಸಲು ಮೆತ್ತನೆಯ ಬ್ರಷ್ ಹುಡುಕಿದಳು.